ಗುಂಡನ ಕುತ್ತಿಗೆ

ಫೆಬ್ರವರಿ 9, ಭಾನುವಾರ

ಬಟ್ಟೆ ಒಗೆದಾಯಿತು. ಫ್ಯಾನಿನ ರೆಕ್ಕೆ ಒರೆಸಿದ್ದಾಯಿತು. ಭಾನುವಾರ ರಜೆ ಅಂತ ಯಾರು ಹೇಳಿದರೋ, ಅವರ ಮನೆ ವಿಳಾಸ ಬೇಕಾಗಿದೆ ನನಗೆ.

ಒರೆಸುತ್ತಾ ಹಾಲಿನ ಉದ್ದನೆಯ ಕಿಟಕಿ ಕಟ್ಟೆಗೆ ಬಂದಾಗ ಕಂಡದ್ದು — ಗುಂಡನ ತಲೆ ಮೊನಚಾಗಿದೆ. ಗುಂಡ ಎಂದರೆ ನನ್ನ ಕಳ್ಳಿ ಗಿಡ. ಎಂಟು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಫ್ರೇಮ್ ಕೂರಿಸಿ, ಕೊನೆಗೂ ಅಕ್ಟೋಬರಿನಲ್ಲಿ ಕಣ್ಣು ಪರೀಕ್ಷೆಯ ಕೋರ್ಸ್ ಪಾಸಾದೆನಲ್ಲ, ಆಗ ಅಂಗಡಿ ಸಾಹೇಬರು ಕೊಟ್ಟ ಉಡುಗೊರೆ. ಪುಟ್ಟ ಕುಂಡ, ಅದರೊಳಗೆ ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ, ಮೈತುಂಬ ಮುಳ್ಳು. ಮನೆಯಲ್ಲಿ ಬಿಸಿಲು ಚೆನ್ನಾಗಿ ಬೀಳುವುದು ಹಾಲಿನ ಆ ಕಟ್ಟೆಯ ಮೇಲೆ ಮಾತ್ರ. ಅಲ್ಲಿಟ್ಟು, "ಇದನ್ನ ಯಾರೂ ಅಲ್ಲಾಡಿಸೋ ಹಾಗಿಲ್ಲ" ಎಂದು ಅಂದೇ ಕಟ್ಟಪ್ಪಣೆ ಮಾಡಿದ್ದೆ.

ಈಗ ಉಂಡೆಯ ನೆತ್ತಿಯಿಂದ ಒಂದು ಬೆರಳು ಎದ್ದಿದೆ. ಬಿಳಿಚಿಕೊಂಡ ಹಸಿರು. ಮುಳ್ಳುಗಳು ಕೂದಲಿನಷ್ಟು ತೆಳ್ಳಗೆ, ದೂರ ದೂರ.

ಇವರನ್ನು ಕರೆದು ತೋರಿಸಿದೆ. "ಬೆಳೀತಿದೆ, ಬೆಳೀಲಿ ಬಿಡು" ಎಂದರು. ಅತ್ತೆ ಕುರ್ಚಿಯಿಂದ ಏಳದೆಯೇ "ಹೌದೌದು, ಕಾಣ್ತಿದೆ, ಯಾಕೋ ಸೊರಗಿದೆ ಪಾಪ" ಎಂದರು. ಅಲ್ಲಿಂದಲೇ ಕಂಡಿತಂತೆ. ಹದ್ದಿನ ಕಣ್ಣು. ಕೋರ್ಸಿಗೆ ಓದುವಾಗ ತಂದು ಗೋಡೆಗೆ ನೇತುಹಾಕಿದ ಅಕ್ಷರದ ಬೋರ್ಡು ಇನ್ನೂ ಅಲ್ಲೇ ಇದೆ. ಹೋದ ತಿಂಗಳು ಅತ್ತೆಯನ್ನು ಅದರ ಮುಂದೆ ಕೂರಿಸಿದ್ದೆ. ಒಂದೊಂದೇ ಕಣ್ಣು ಮುಚ್ಚಿ ಕೊನೆಯ ಸಾಲನ್ನೂ ಪಟಪಟನೆ ಓದಿದರು. ಅರವತ್ತೆಂಟು ವಯಸ್ಸು! ಅಂಗಡಿಗೆ ಬರುವ ಇಪ್ಪತ್ತರ ಹುಡುಗರು ಮೂರನೇ ಸಾಲಿಗೇ ಬೆವರುತ್ತಾರೆ.

ಫೆಬ್ರವರಿ 11, ಮಂಗಳವಾರ

ಅಂಗಡಿಯಿಂದ ಗಾಜು ಅಳೆಯುವ ಸಣ್ಣ ಸ್ಕೇಲ್ ತಂದು ಗುಂಡನನ್ನು ಅಳೆದೆ. ಇವರು ನಕ್ಕರು. "ಕನ್ನಡಕ ಹಾಕ್ತೀಯಾ ಅದಕ್ಕೆ?"

ಲಿಫ್ಟ್ ರಿಪೇರಿ ಮಾಡುವವರು ಇವರು. ಲೋಕದ ಸಕಲ ರೋಗಕ್ಕೂ ಇವರ ಹತ್ತಿರ ಇರುವ ಮದ್ದು ಎರಡೇ — ಗ್ರೀಸು, ಇಲ್ಲದಿದ್ದರೆ ಬೋಲ್ಟ್ ಬಿಗಿ. ಆದರೆ ಅಡುಗೆಮನೆ ಸಿಂಕಿನ ಕೆಳಗೆ ಪೈಪು ತೊಟ್ಟಿಕ್ಕುವುದು ಶುರುವಾಗಿ ಯಾವ ಕಾಲವಾಯಿತು, ಅದಕ್ಕೆ ಮಾತ್ರ ಪುರುಸೊತ್ತಿಲ್ಲ.

ಸಾಹೇಬರು ಇವತ್ತು ಕರೆದು ಹೇಳಿದರು. ಜೂನ್‌ನಲ್ಲಿ ಹೊಸ ಬ್ರಾಂಚ್ ತೆರೆಯುತ್ತಾರಂತೆ. ನಾನೇ ಇನ್‌ಚಾರ್ಜ್. ಆದರೆ ಊರಿನ ಆ ತುದಿ. ಬೆಳಿಗ್ಗೆ ಬೇಗ ಹೊರಡಬೇಕು, ಬರುವುದು ತಡ. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಮನೆಗೆ ಬಂದು ಹೇಳಿದ್ದೇ ತಡ, ಅತ್ತೆ: "ಯೋಚನೆ ಏನು? ಹೂಂ ಅಂತ ಹೇಳಿ ಬರೋದಲ್ವಾ?"

"ನೀವು ಮನೇಲಿದ್ದೀರಿ ಅನ್ನೋ ಧೈರ್ಯದ ಮೇಲೇ ನಾನು ಹೊರಗೆ ಕಾಲಿಡೋದು ಅತ್ತೆ" ಎಂದೆ. ಹೊಗಳಿಕೆಗೆ ಅಂದದ್ದಲ್ಲ. ನಿಜ. ಅಡುಗೆಮನೆ ಪೂರ್ತಿ ಅವರದು. ಒಂದು ಚಮಚ ಜಾಗ ತಪ್ಪಿದರೂ ಅವರಿಗೆ ಗೊತ್ತಾಗುತ್ತದೆ. ಯಾರನ್ನೂ ಒಂದು ಸಹಾಯ ಕೇಳಿದವರಲ್ಲ. ಕೇಳುವುದು ಹೇಗೆಂದೇ ಗೊತ್ತಿಲ್ಲವೇನೋ.

ಫೆಬ್ರವರಿ 16, ಭಾನುವಾರ

ಮೇಲ್ಮನೆ ಟೀಚರ್ ಬಂದಿದ್ದರು. ಟೆರೇಸಿನ ತುಂಬ ಗಿಡ ಸಾಕಿದವರು. ಗುಂಡನನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದರು. ಬೇರಿನಲ್ಲಿ ಹುಳ ಅಂತೆ. ಮೇಲಿನ ಭಾಗ ಕುಯ್ದು ಬಿಸಾಕಬೇಕಂತೆ.

"ಚಾಕು ತರ್ತೀರಾ?" ಎಂದು ಕೈ ಚಾಚಿಯೇಬಿಟ್ಟರು. ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಗಿಡ ಸಾಕುವವರಲ್ಲೂ ಇಷ್ಟು ಕಟುಕತನ!

ಚಹಾ ಬಗ್ಗಿಸುವಾಗ ಅತ್ತೆ ತಟ್ಟೆಗೂ ಸ್ವಲ್ಪ ಚೆಲ್ಲಿದರು. ಮಾತಿನ ಭರದಲ್ಲಿ.

ಸಂಜೆ ಮಣ್ಣು ಕೆದಕಿ ನೋಡಿದೆ. ಹುಳ ಇಲ್ಲ. ಆದರೆ ಮಣ್ಣು ತೇವ ಇತ್ತು. ನಾನು ನೀರು ಹಾಕಿ ಮೂರು ವಾರವಾಗಿದೆ! "ನೀವು ಹಾಕಿದ್ರಾ?" ಎಂದು ಇಬ್ಬರನ್ನೂ ಕೇಳಿದೆ. ಇಬ್ಬರೂ ಇಲ್ಲ ಎಂದರು. ಅತ್ತೆ ಸ್ವಲ್ಪ ಜೋರಾಗಿಯೇ. "ಅದರ ಸುದ್ದಿಗೇ ಹೋಗಲ್ಲ ನಾನು. ಒಂದು ಸಲ ಅನುಭವಿಸಿದ್ದು ಸಾಕು."

ಅದೂ ನಿಜವೇ. ಗುಂಡ ಮನೆಗೆ ಬಂದ ಹೊಸತರಲ್ಲಿ, ಧೂಳು ಹೊಡೆಯಲು ಹೋಗಿ ಅಂಗೈ ತುಂಬ ಮುಳ್ಳು ಚುಚ್ಚಿಸಿಕೊಂಡಿದ್ದರು. ಫ್ರೇಮಿನ ಸ್ಕ್ರೂ ಹಿಡಿಯುವ ಚಿಮಟದಲ್ಲಿ ಒಂದೊಂದಾಗಿ ಕಿತ್ತಿದ್ದೆ. ಕಣ್ಣಲ್ಲಿ ನೀರು, ಆದರೂ ಉಸಿರೆತ್ತಲಿಲ್ಲ ಮಹಾತಾಯಿ.

ಮಾರ್ಚ್ 2, ಭಾನುವಾರ

ಗುಂಡನನ್ನು ಬ್ಯಾಗಿನಲ್ಲಿ ಕೂರಿಸಿಕೊಂಡು ನರ್ಸರಿಗೆ ಹೋಗಿದ್ದೆ. ಬಸ್ಸಿನಲ್ಲಿ ಪಕ್ಕದವರಿಗೆ ಚುಚ್ಚಿತು. ಬೈಸಿಕೊಂಡೆ.

ನರ್ಸರಿಯವರು ಒಂದೇ ನೋಟ ನೋಡಿ, "ಬೆಳಕು ಸಾಲ್ತಿಲ್ಲ" ಎಂದರು. "ಕತ್ತಲಲ್ಲಿ ಇಟ್ಟು ನೀರು ಕೊಟ್ರೆ ಹೀಗೇ ಆಗೋದು. ಬೆಳಕು ಎಲ್ಲಿದೆ ಅಂತ ಹುಡುಕ್ತಾ ಸಣ್ಣಗೆ ಎದ್ದುಬಿಡುತ್ತೆ."

ಸಿಟ್ಟು ಬಂತು. ನಮ್ಮ ಕಿಟಕಿಗಿಂತ ಹೆಚ್ಚು ಬಿಸಿಲು ಬೇಕೆಂದರೆ ಗಿಡವನ್ನು ಸೂರ್ಯನಿಗೇ ದತ್ತು ಕೊಡಬೇಕು. ಹಾಗೇ ಹೇಳಿದೆ. ಅವರು ನಗಲಿಲ್ಲ. "ಮತ್ತೆ ಹಗಲಲ್ಲಿ ಯಾರೋ ಎತ್ತಿಡ್ತಿದ್ದಾರೆ ನೋಡಿ ಮೇಡಂ."

"ಈ ಸಣ್ಣಗಾಗಿರೋ ಭಾಗ ಮತ್ತೆ ದಪ್ಪ ಆಗುತ್ತಾ?"

"ಆಗಲ್ಲ. ಆದದ್ದು ಆಯ್ತು. ಬೆಳಕು ಸಿಕ್ಕಿದ್ರೆ ಇನ್ನು ಮೇಲೆ ಬರೋದು ಸರಿಯಾಗಿ ಬರುತ್ತೆ. ಹಾಗಂತ ಒಮ್ಮೆಲೇ ಉರಿಬಿಸಿಲಿಗೆ ಇಟ್ರೆ ಸುಟ್ಟುಹೋಗುತ್ತೆ, ನಿಧಾನಕ್ಕೆ ಒಗ್ಗಿಸಿ."

ಯಾರೋ ಎತ್ತಿಡುತ್ತಾರಂತೆ. ಹಗಲು ಮನೆಯಲ್ಲಿರುವುದು ಅತ್ತೆ ಒಬ್ಬರೇ. ಅವರಿಗೆ ಅದನ್ನು ಮುಟ್ಟಲೇ ಭಯ. ನರ್ಸರಿಯವರದು ಬರೀ ಬೊಗಳೆ.

ಮಾರ್ಚ್ 5, ಬುಧವಾರ

ಬೊಗಳೆಯೋ ಅಲ್ಲವೋ, ನೋಡಿಯೇಬಿಡೋಣ. ಗಾಜಿನ ಮೇಲೆ ಗುರುತು ಹಾಕುವ ಪೆನ್ನಿನಿಂದ ಕುಂಡದ ಅಂಚಿಗೆ ಒಂದು ಚುಕ್ಕೆ, ಅದರ ನೇರಕ್ಕೆ ಕಟ್ಟೆಯ ಮೇಲೊಂದು ಚುಕ್ಕೆ. ಸಾಸಿವೆ ಕಾಳಿನಷ್ಟು. ಯಾರಿಗೂ ಹೇಳಿಲ್ಲ. ಸ್ವಂತ ಮನೆಯಲ್ಲಿ ಪತ್ತೇದಾರಿ ಕೆಲಸ. ಸ್ವಲ್ಪ ಖುಷಿಯೂ ಆಗುತ್ತಿದೆ…

ಮಾರ್ಚ್ 8, ಶನಿವಾರ

ಮೂರು ಸಂಜೆಯೂ ಚುಕ್ಕೆಗೆ ಚುಕ್ಕೆ ಕೂಡಿಲ್ಲ.

ಇವರನ್ನು ವಿಚಾರಿಸಿದೆ. "ನಿನ್ನ ಮುಳ್ಳುಗುಂಡು ಎತ್ತಿಕೊಂಡು ನಾನು ಲಿಫ್ಟ್ ಹತ್ತಲಾ?" ಎಂದರು. ಅತ್ತೆಯನ್ನು ಕೇಳಲಿಲ್ಲ. ಯಾಕೋ ಕೇಳಬೇಕೆನಿಸಲಿಲ್ಲ. ಅವರು ಹಾಲಿನ ದೀಪ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದರು. ಹೊರಗೆ ಇನ್ನೂ ಒಳ್ಳೆ ಬೆಳಕಿತ್ತು.

ಮಾರ್ಚ್ 12, ಬುಧವಾರ, ಸಂಜೆ

ನಡೆದದ್ದನ್ನು ನಡೆದ ಹಾಗೇ ಬರೆದಿಡಬೇಕು.

ಅಂಗಡಿಯ ಬೀದಿಯಲ್ಲಿ ಕರೆಂಟಿಲ್ಲ. ಸಾಹೇಬರು ಮಧ್ಯಾಹ್ನವೇ ಕಳಿಸಿದರು. ಕೀ ಹಾಕಿ ಬಾಗಿಲು ತೆರೆದು ಒಳಗೆ ಬಂದೆ. ರೇಡಿಯೋ ಜೋರಾಗಿ ಹಾಡುತ್ತಿತ್ತು. ಕಟ್ಟೆ ಖಾಲಿ. ಗುಂಡ ಇಲ್ಲ.

ಅತ್ತೆ ತಮ್ಮ ರೂಮಿನಿಂದ ಬಂದರು. ಎಡಗೈ ಕಟ್ಟೆಯ ಮೇಲೆ. ಕೈಯನ್ನು ಸವರುತ್ತಾ ಸವರುತ್ತಾ ಕಟ್ಟೆಯ ಉದ್ದಕ್ಕೂ ನಡೆದರು. ಕಟ್ಟೆ ಮುಗಿದಲ್ಲಿ ಕೈ ಕುರ್ಚಿಯ ಬೆನ್ನಿಗೆ ಹೋಯಿತು. ಅಲ್ಲಿಂದ ಫ್ರಿಜ್ಜಿಗೆ. ಫ್ರಿಜ್ಜಿನಿಂದ ಅಡುಗೆಮನೆಯ ಬಾಗಿಲಿಗೆ. ತಡವರಿಕೆಯಿಲ್ಲ, ಅವಸರವಿಲ್ಲ. ಅಭ್ಯಾಸವಾದ ನಡಿಗೆ.

ನಾನು ಅವರ ಬಲಕ್ಕೆ, ಕೈಗೆಟಕುವ ದೂರದಲ್ಲಿ ನಿಂತಿದ್ದೆ. ನನ್ನ ಪಕ್ಕದಲ್ಲೇ ಹಾದುಹೋದರು. ತಿರುಗಲಿಲ್ಲ. ಸೀರೆಯ ಸೆರಗು ನನ್ನ ಬ್ಯಾಗಿಗೆ ತಾಗಿತು.

ಕರೆಯಬಹುದಿತ್ತು. ಕರೆಯದೆ, ಕಳ್ಳರಂತೆ ಹಿಂದೆ ಹೆಜ್ಜೆ ಇಟ್ಟು, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡೆ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತೆ. ಆಮೇಲೆ ಬೆಲ್ ಒತ್ತಿದೆ.

"ಬಂದೆ ಬಂದೆ! ಯಾರು?"

"ನಾನು ಅತ್ತೆ. ಕೀ ಮರೆತೆ."

"ಇರು, ಕೈ ಒದ್ದೆಯಾಗಿದೆ" ಎಂದರು. ಒಳಗೆ ಕಪಾಟಿನ ಬಾಗಿಲ ಸದ್ದಾಯಿತು. ಬಾಗಿಲು ತೆಗೆದಾಗ ಗುಂಡ ಕಟ್ಟೆಯ ಮೇಲೆ ಕೂತಿದ್ದ, ಎಲ್ಲೂ ಹೋಗದವನ ಹಾಗೆ. ಅತ್ತೆ ನಗುತ್ತಾ ನನ್ನ ಮುಖವನ್ನೇ ನೋಡಿದರು. ನೇರ ಎದುರಿಗೆ ನಿಂತರೆ ಕಾಣುತ್ತದೆ ಅಂತಾಯಿತು.

ಅವರು ಸ್ನಾನಕ್ಕೆ ಹೋದಾಗ ಸಿಂಕಿನ ಕೆಳಗಿನ ಕಪಾಟು ತೆಗೆದು ನೋಡಿದೆ. ಹಿಂದೆ ಮೂಲೆಯಲ್ಲಿ, ತೊಟ್ಟಿಕ್ಕುವ ಪೈಪಿನ ಕೆಳಗೆ, ಕುಂಡದ ತಳದ ಅಚ್ಚು ದುಂಡಗೆ ಬಿದ್ದಿತ್ತು. ಕತ್ತಲು. ನೀರು. ನರ್ಸರಿಯವರು ಹೇಳಿದ್ದು ಸರಿ.

ಮುಳ್ಳು ಚುಚ್ಚಿದ್ದು ಧೂಳು ಹೊಡೆಯುವಾಗ ಅಲ್ಲ. ದಾರಿ ಸವರುವಾಗ. ಅಂದಿನಿಂದ ನಾವು ಹೊರಟ ಮೇಲೆ ಅದನ್ನು ಎತ್ತಿಟ್ಟು, ನಾವು ಬರುವ ಮುಂಚೆ ಜಾಗಕ್ಕೆ ತಂದಿಡುತ್ತಿದ್ದಾರೆ. "ಇದನ್ನ ಬೇರೆ ಕಡೆ ಇಡೇ" ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಿದರೆ ಯಾಕೆ ಅಂತ ಕೇಳುತ್ತಿದ್ದೆನಲ್ಲ.

ಮಾರ್ಚ್ 13, ಗುರುವಾರ

ಆದರೆ ಬೋರ್ಡು? ಕೊನೆಯ ಸಾಲನ್ನೂ ಓದಿದರಲ್ಲ?

ಮಾರ್ಚ್ 16, ಭಾನುವಾರ

ಅಂಗಡಿಯಲ್ಲಿ ಹೊಸದಾಗಿ ಬಂದ ಬೋರ್ಡೊಂದಿತ್ತು. ಅದೇ ಅಳತೆ, ಅಕ್ಷರಗಳು ಬೇರೆ. ತಂದು, ಹಳೆಯದನ್ನು ಇಳಿಸಿ ಅದೇ ಮೊಳೆಗೆ ತೂಗುಹಾಕಿದೆ. ತಿಂಡಿಯಾದ ಮೇಲೆ ಮಾಮೂಲಿ ದನಿಯಲ್ಲಿ "ಬನ್ನಿ ಅತ್ತೆ, ಕಣ್ಣು ನೋಡಿಬಿಡೋಣ" ಎಂದೆ.

"ಪುನಃನಾ? ನಿನ್ನ ಕೈಗೆ ಸಿಕ್ಕಿ ಹಾಕ್ಕೊಂಡೆ ನೋಡು ನಾನು" ಎಂದು ನಗುತ್ತಾ ಬಂದು ಕೂತರು. ಬಲಗೈಯಿಂದ ಎಡಗಣ್ಣು ಮುಚ್ಚಿಕೊಂಡರು. ಶುರು ಮಾಡಿದರು.

"ಗ. ರ, ಪ. ಟ, ನ, ಲ…"

ನಿಲ್ಲಲೇ ಇಲ್ಲ. ಪೂರ್ತಿ, ಕೊನೆಯವರೆಗೂ. ಹಳೆಯ ಬೋರ್ಡು, ಒಂದಕ್ಷರ ಬಿಡದೆ. ರಾಗ ಕೂಡ ನನ್ನದೇ. ವರ್ಷವಿಡೀ ಅದರ ಮುಂದೆ ನಿಂತು ಕೋಲು ಹಿಡಿದು ನಾನು ಜೋರಾಗಿ ಓದುತ್ತಿದ್ದ ರಾಗ. ಆಗ ಅತ್ತೆ ಇದೇ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು.

ಇವರು ಪೇಪರಿನಿಂದ ತಲೆ ಎತ್ತಿ ಬೋರ್ಡು ನೋಡಿದರು. "ಏನಮ್ಮಾ, ಏನೇನೋ ಓದ್ತಿದ್ದೀಯಲ್ಲ" ಎಂದು ನಗಲು ಹೊರಟವರು ನನ್ನ ಮುಖ ನೋಡಿ ಪೇಪರು ಮಡಿಸಿಟ್ಟರು.

ಅತ್ತೆ ಕೈ ಇಳಿಸಿದರು. "ಯಾಕೆ? ತಪ್ಪಾಯ್ತಾ?"

"ಇಲ್ಲ ಅತ್ತೆ. ಒಂದಕ್ಷರವೂ ತಪ್ಪಿಲ್ಲ."

"ಮತ್ತೆ?"

"ಬೋರ್ಡು ಬೇರೆ."

ಅತ್ತೆ ಮಡಿಲಲ್ಲಿದ್ದ ಸೆರಗಿನ ತುದಿಯನ್ನು ಮಡಿಸಿದರು, ಬಿಡಿಸಿದರು. ಆಮೇಲೆ ಹೇಳಿದರು:

"ಹಾಗಾದ್ರೆ ನಾನು ಫೇಲು ಅನ್ನು."

ಅಳು ಬಂತು ನನಗೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಊರಿನ ಕಣ್ಣೆಲ್ಲ ನೋಡುತ್ತೇನೆಂಬ ಜಂಬ. ನನ್ನ ಮನೆಯ ಕಣ್ಣು ನನಗೆ ಕಾಣಲಿಲ್ಲ. ಚೆಲ್ಲಿದ ಚಹಾ ಕಂಡಿತ್ತು, ಹಗಲಲ್ಲಿ ಹಾಕಿದ ದೀಪ ಕಂಡಿತ್ತು, ಅಂಗೈಯ ಮುಳ್ಳು ನಾನೇ ಕಿತ್ತಿದ್ದೆ. ಗಿಡದ ತಲೆ ಮೊನಚಾಗಿದ್ದಕ್ಕೆ ಸ್ಕೇಲ್ ಹಿಡಿದು ಓಡಾಡಿದೆ!

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಅತ್ತೆಯೇ ಮಾತು ತೆಗೆದರು. ಬಲಗಣ್ಣಿನಲ್ಲಿ ಏನೂ ಇಲ್ಲವಂತೆ, ಬರೀ ಮಬ್ಬು. ಎಡಗಣ್ಣಿನಲ್ಲಿ ನೇರಕ್ಕೆ ಇರುವುದು ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. "ಓದಬಲ್ಲೆ ಆ ಕಣ್ಣಲ್ಲಿ. ಆದ್ರೆ ಅಕ್ಷರ ಎಲ್ಲಿದೆ ಅಂತ ಹುಡುಕಬೇಕು. ಹುಡುಕ್ತಾ ಕೂತ್ರೆ ನಿನಗೆ ಅನುಮಾನ ಬರುತ್ತೆ. ಹೇಗೂ ಬಾಯಿಪಾಠ ಇತ್ತಲ್ಲ."

"ಯಾಕತ್ತೆ ಹೇಳ್ಲಿಲ್ಲ?"

"ನಮ್ಮಮ್ಮನಿಗೆ ಕಣ್ಣು ಮಂಜಾಯ್ತು ಅಂತ ಗೊತ್ತಾದ ದಿನಾನೇ ಅವಳ ಕೈಯಿಂದ ಸೌಟು ಕಿತ್ಕೊಂಡ್ವಿ. ನಾವೇ ಮಕ್ಕಳೆಲ್ಲ ಸೇರಿ. ಒಳ್ಳೇದಕ್ಕೇ ಅಂತ. ಮೂಲೇಲಿ ಕುರ್ಚಿ ಹಾಕಿ ಕೂರಿಸಿದ್ವಿ. ಆಮೇಲೆ ಅವಳು ಆ ಕುರ್ಚಿಯಿಂದ ಏಳಲೇ ಇಲ್ಲ ಕಣೇ." ಮತ್ತೆ, "ಅದೂ ಅಲ್ದೆ, ಈಗ ಹೇಳಿದ್ರೆ ನೀನು ಬ್ರಾಂಚು ಬೇಡ ಅಂತ ಕೂತ್ಕೋತೀಯ" ಎಂದರು.

ನಿಜ ಹೇಳಬೇಕೆಂದರೆ, ರಾತ್ರಿಯೇ ಮನಸ್ಸಿನಲ್ಲಿ ಬೇಡ ಎಂದುಕೊಂಡಾಗಿತ್ತು.

ಮಾರ್ಚ್ 19, ಬುಧವಾರ

ಅಂಗಡಿಗೆ ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿಗೇ ಕರೆಸಿಕೊಂಡು ನೋಡಿದರು. ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ನರ ಸೊರಗುವುದು. ನೋವಿಲ್ಲ, ಸದ್ದಿಲ್ಲ, ಅಂಚಿನಿಂದ ಒಳಕ್ಕೆ ತಿನ್ನುತ್ತಾ ಬರುತ್ತದೆ. ಬಲಗಣ್ಣು ಹೋದಂತೆಯೇ. ಎಡಗಣ್ಣಿನಲ್ಲಿ ನಡುವಿನದು ಉಳಿದಿದೆ.

"ಹೋಗಿರೋದು ವಾಪಸ್ ಬರುತ್ತಾ?" ಎಂದು ಇವರು ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಕೋರ್ಸಿನ ಪುಸ್ತಕದಲ್ಲಿ ಓದಿದ್ದೆ.

"ಬರಲ್ಲ. ಉಳಿದಿರೋದನ್ನ ಕಾಪಾಡೋಣ. ದಿನಾ ಡ್ರಾಪ್ಸ್, ಒಂದು ದಿನವೂ ತಪ್ಪಿಸೋ ಹಾಗಿಲ್ಲ. ಒತ್ತಡ ಇಳಿದ್ರೆ ಸರಿ. ಇಳೀದಿದ್ರೆ ಆಪರೇಷನ್ ಯೋಚನೆ ಮಾಡೋಣ."

ಆಟೋದಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಹೆದರಿದ್ದರೋ, ನನ್ನನ್ನು ಸಮಾಧಾನ ಮಾಡುತ್ತಿದ್ದರೋ. ಮನೆ ಬರುವ ಹೊತ್ತಿಗೆ ಎಂದಿನ ದನಿ ಬಂದಿತ್ತು: "ನೋಡು, ನೀನು ಆ ಬ್ರಾಂಚು ಬಿಟ್ರೆ ನಾನು ಡ್ರಾಪ್ಸ್ ಬಿಡ್ತೀನಿ. ಆಮೇಲೆ ನನ್ನನ್ನ ಅನ್ನಬೇಡ."

ಇಂಥ ಬೆದರಿಕೆಗೆ ಯಾವ ಸೊಸೆ ಏನು ಹೇಳಬೇಕು? ಹೂಂ ಎಂದೆ. ನನ್ನದೂ ಒಂದು ಷರತ್ತು ಇಟ್ಟೆ. ಅಡುಗೆಮನೆ ಅವರದೇ. ಸೌಟು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಅನುಮಾನ ಬಂದಾಗ ಒಂದು ಕೂಗು ಹಾಕಬೇಕು — ನಾನಿದ್ದರೆ ನನ್ನನ್ನ, ಇವರಿದ್ದರೆ ಇವರನ್ನ, ಯಾರೂ ಇಲ್ಲದಿದ್ದರೆ ಮೇಲ್ಮನೆ ಟೀಚರನ್ನ.

"ನೋಡೋಣ" ಎಂದರು. ಅತ್ತೆಯ ನೋಡೋಣ ಎಂದರೆ ಇಲ್ಲ ಅಂತ.

ಮಾರ್ಚ್ 23, ಭಾನುವಾರ

ಇವರು ಗೋಡೆಯುದ್ದಕ್ಕೂ ಹಿಡಿಕೆಯ ಕಂಬಿ ಹಾಕುತ್ತೇನೆಂದು ಡ್ರಿಲ್ ತಂದರು. "ಮನೇನ ಆಸ್ಪತ್ರೆ ಮಾಡ್ಬೇಡ" ಎಂದು ಅತ್ತೆ ಗದರಿದರು. ತಂದ ಡ್ರಿಲ್ ಸುಮ್ಮನೆ ಇಡಲಾದೀತೇ. ಕಿಟಕಿಯ ಹೊರಗೆ ಒಂದು ಕಬ್ಬಿಣದ ಬಳೆ ಕೂರಿಸಿ, ಅದರಲ್ಲಿ ಗುಂಡನನ್ನು ಇಳಿಸಿದರು. ಬೋಲ್ಟ್ ಬಿಗಿ. ಮೊದಲ ಕೆಲವು ವಾರ ಮಧ್ಯಾಹ್ನದ ಬಿಸಿಲಿಗೆ ಹಳೇ ಪರದೆಯ ಬಟ್ಟೆ ಅಡ್ಡ.

ಕಟ್ಟೆ ಈಗ ಬರಿದು. ಅತ್ತೆ ಈ ತುದಿಯಿಂದ ಆ ತುದಿಗೆ ಕೈ ಸವರಿಕೊಂಡು ನಡೆದರು, ನಮ್ಮೆದುರಿಗೇ. ಮೊದಲ ಸಲ.

ಸಿಂಕಿನ ಪೈಪೂ ರಿಪೇರಿಯಾಯಿತು. ದಾಖಲೆಗಾಗಿ ಬರೆದಿದ್ದೇನೆ.

ಏಪ್ರಿಲ್ 27, ಭಾನುವಾರ

ಒತ್ತಡ ಇಳಿದಿದೆ. ಇನ್ನೂ ಸ್ವಲ್ಪ ಇಳಿಯಬೇಕಂತೆ. ಡಾಕ್ಟರಮ್ಮ ಇನ್ನೊಂದು ಬಾಟಲಿ ಸೇರಿಸಿದರು.

ಹಾಲು ಎರಡು ಸಲ ಉಕ್ಕಿತು ಈ ತಿಂಗಳು. ಒಂದು ದಿನ ಎಲ್ಲದಕ್ಕೂ ಉಪ್ಪಿನ ಬದಲು ಸಕ್ಕರೆ. ಮೂವರೂ ಮಾತಾಡದೆ ತಿಂದೆವು. ಕೊನೆಗೆ ಅತ್ತೆಯೇ "ಥೂ, ಹೇಗೆ ತಿಂದ್ರೋ" ಎಂದು ನಕ್ಕರು. ಆದರೆ ಕೂಗು? ಒಂದೂ ಇಲ್ಲ. ಕೇಳಬೇಕೆಂದು ಬಾಗಿಲವರೆಗೆ ಬಂದು, ಮತ್ತೆ ಒಳಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಾಲಿಗೆ ಕಚ್ಚಿಕೊಂಡು ಕೂರುತ್ತೇನೆ. ನಾನೇ ಎದ್ದು ಹೋದರೆ ಸೌಟು ಕಿತ್ತುಕೊಂಡ ಹಾಗೇ.

ಕಷ್ಟ. ಕೆಲವೊಮ್ಮೆ ಸಿಟ್ಟೂ ಬರುತ್ತದೆ. ಕೈ ಸುಟ್ಟುಕೊಂಡರೆ ಏನು ಗತಿ ಎಂದು ಹೆದರಿಕೆ.

ಜೂನ್ 15, ಭಾನುವಾರ, ಬೆಳಿಗ್ಗೆ

ಹೊಸ ಬ್ರಾಂಚಿಗೆ ಎರಡು ವಾರವಾಯಿತು. ಬಸ್ಸಿನಲ್ಲಿ ಸೀಟು ಸಿಗುವುದೊಂದೇ ಸಮಸ್ಯೆ. ನಲವತ್ತು ದಾಟಿದವರು ಯಾರೇ ಬರಲಿ, ಬೋರ್ಡು ಎಷ್ಟು ಚೆನ್ನಾಗಿ ಓದಲಿ, ಕಣ್ಣಿನ ಒತ್ತಡ ನೋಡಿಸಿಕೊಂಡಿದ್ದೀರಾ ಎಂದು ಕೇಳುತ್ತೇನೆ. ಎರಡು ಬೋರ್ಡು ಇಟ್ಟುಕೊಂಡಿದ್ದೇನೆ, ದಿನಕ್ಕೊಂದು.

ಗುರುವಾರ ಡಾಕ್ಟರಮ್ಮ ನೋಡಿದರು. ಒತ್ತಡ ಹತೋಟಿಯಲ್ಲಿದೆ. ಎಡಗಣ್ಣು ಮಾರ್ಚಿನಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಕಮ್ಮಿಯಾಗಿಲ್ಲ. ಇಷ್ಟು ಸಂತೋಷ ನನಗೆ ಪಾಸಾದ ದಿನವೂ ಆಗಿರಲಿಲ್ಲ.

ಇವತ್ತು ಗುಂಡನನ್ನು ಅಳೆದೆ. ಕುತ್ತಿಗೆ ಹಾಗೇ ಇದೆ, ಸಣ್ಣಗೆ, ಬಿಳಿಚಿಕೊಂಡು. ಅದರ ಮೇಲೆ ಹೊಸ ತಲೆ ಬರುತ್ತಿದೆ. ಗಟ್ಟಿ ಹಸಿರು, ಒತ್ತೊತ್ತಾಗಿ ಮುಳ್ಳು. ನೋಡಲು ವಿಚಿತ್ರ. ಟೀಚರ್ ಈಗಲೂ ಚಾಕು ಕೇಳುತ್ತಾರೆ.

ಅತ್ತೆಗೆ ಹೇಳಿದೆ. ಕಿಟಕಿಗೆ ಬಂದು, ಮುಖವನ್ನು ಅತ್ತ ಇತ್ತ ಸರಿಸಿ, ಎಡಗಣ್ಣಿಗೆ ಅದು ಸಿಕ್ಕುವವರೆಗೆ ಹುಡುಕಿದರು. ಸಿಕ್ಕಿತು. "ಕುತ್ತಿಗೆ ಉದ್ದ ಮಾಡ್ಕೊಂಡು ಯಾರನ್ನ ಕಾಯ್ತಿದ್ದಾನೋ" ಎಂದರು. ನಕ್ಕು ಅಡುಗೆಮನೆಗೆ ಹೋದರು, ಕೈ ಕಟ್ಟೆಯ ಮೇಲೆ.

ಇವರು ಯಾವುದೋ ಕೆಟ್ಟ ಲಿಫ್ಟಿಗೆ ಹೋಗಿದ್ದಾರೆ. ಮನೆಯಲ್ಲಿ ನಾವಿಬ್ಬರೇ. ಒಳಗೆ ಚಾಕುವಿನ ಟಕಟಕ ಕೇಳುತ್ತಿದೆ. ಈಗ ನಿಂತಿತು… ಬಾಗಿಲಿಗೆ ಬಂದಿದ್ದಾರೆ. ತಲೆ ಎತ್ತದೆ ಬರೆಯುತ್ತಲೇ ಇದ್ದೇನೆ. ಒಳಗೆ ಹೋಗುತ್ತಾರೆ ನೋಡು, ಎಂದಿನಂತೆ —

"ಏನೇ, ಸ್ವಲ್ಪ ಬಾರೇ ಇಲ್ಲಿ. ಈ ಟೊಮೇಟೊ ಹಣ್ಣಾಗಿದ್ಯಾ, ಇನ್ನೂ ಕಾಯೇನಾ, ನೋಡಿ ಹೇಳು."

ನೋಡಿ ಹೇಳು ಎಂದರು. ನನ್ನನ್ನು. ಪೆನ್ನಿನ ಮುಚ್ಚಳ ಎಲ್ಲೋ ಉರುಳಿತು, ಆಮೇಲೆ ಹುಡುಕಿದರಾಯಿತು, ಮೊದಲು ಟೊಮೇ